‘ಸರಿ’ ಅನ್ನುವವರು

ಮಾರ್ಚ್ 2, ಭಾನುವಾರ

ಯೋಗಾನಂದರು ಇವತ್ತು ಸಂನ್ಯಾಸ ತೆಗೆದುಕೊಂಡರು. ಕಾವಿ ಗೀವಿ ಏನಿಲ್ಲ, ಅದೇ ಕಂದು ಸ್ವೆಟರು. ವಿಜಯನಗರದ ದರ್ಶಿನಿಯಲ್ಲಿ ನಮ್ಮ ಹೊಂಗೆ ಬಳಗದ ಭಾನುವಾರದ ಸಭೆ ಇತ್ತು. ಸಭೆ ಅಂದರೆ ನಾಲ್ಕು ಜನ, ಒಂದು ಮೇಜು. ಅವರು ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು, ಕ್ಲೀನರ್ ಆಗಲೇ ಒರೆಸಿ ಹೋಗಿದ್ದ ಮೇಜನ್ನು ಜೇಬಿನ ಕರ್ಚೀಫಿನಿಂದ ಇನ್ನೊಂದು ಸಲ ಒರೆಸಿ, ಸಕ್ಕರೆಯಿಲ್ಲದ ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ ಈ ಒರೆಸಾಟ. ಈ ಮನುಷ್ಯ ಯಾರ ಕೆಲಸವನ್ನೂ ನಂಬುವುದಿಲ್ಲ.

“ನಾನು ಇವತ್ತಿಂದ ಬಿಟ್ಟೆ. ನೀವೇ ನಡೆಸ್ಕೊಂಡ್ ಹೋಗಿ. ನನ್ನ ಹತ್ರ ಏನೂ ಕೇಳ್ಬೇಡಿ. ಕೇಳಿದ್ರೂ ಹೇಳಲ್ಲ,” ಅಂದರು.

ನಾವು ‘ಅಯ್ಯೋ, ಹಂಗನ್ಬೇಡಿ ಸಾರ್’ ಅನ್ನಬೇಕಾದ ಜಾಗ ಅದು. ಅವರೂ ಅದಕ್ಕೆ ಅಂತಲೇ ಸ್ವಲ್ಪ ಹೊತ್ತು ಬಿಟ್ಟುಕೊಟ್ಟು ಕಾದರು. ಗೌತಮ್ ಫೋನ್ ನೋಡಿದ. ಅನು ವಡೆ ಮುರಿದಳು. ನಾನು ಎದ್ದು ಹೋಗಿ ಚಟ್ನಿ ಹಾಕಿಸಿಕೊಂಡು ಬಂದೆ. ಬರುವಷ್ಟರಲ್ಲಿ ಅವರು ಹೊರಟು ಹೋಗಿದ್ದರು, ಕಾಫಿ ಅರ್ಧ ಹಾಗೇ ಇತ್ತು.

ಮನೆಗೆ ಬಂದು ರಮ್ಯಳಿಗೆ ಹೇಳಿದರೆ, “ಹಂಗಾದ್ರೆ ನಿಮ್ ಲಿನಕ್ಸ್ ಅಂಗಡಿ ಬಾಗಿಲಾ?” ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿಗೆ ಅಂಗಡಿಗೂ ಬಳಗಕ್ಕೂ ವ್ಯತ್ಯಾಸ ಗೊತ್ತಿಲ್ಲ. ಜಗತ್ತಿನ ಯಾರ್ಯಾರೋ ಸೇರಿ ಬರೆದು ಪುಕ್ಕಟೆ ಬಿಟ್ಟಿರುವ ಲಿನಕ್ಸನ್ನು ನಾವು ತೆಗೆದುಕೊಳ್ಳುತ್ತೇವೆ. ಅದಕ್ಕೆ ಕನ್ನಡದ ಅಕ್ಷರ, ಕನ್ನಡದ ಕೀಲಿಮಣೆ, ತೆರೆಯ ಮೇಲಿರುವುದನ್ನು ಕನ್ನಡದಲ್ಲೇ ಓದಿ ಹೇಳುವ ದನಿ ಎಲ್ಲ ಸೇರಿಸಿ, ಗುಜರಿಗೆ ಹೋಗಬೇಕಾದ ಕಂಪ್ಯೂಟರಿನಲ್ಲೂ ಓಡುವಂತೆ ಕಟ್ಟಿ, ನಾವೂ ಪುಕ್ಕಟೆ ಹಂಚುತ್ತೇವೆ. ಅದೇ ಹೊಂಗೆ. ಇದರಿಂದ ನಿಮಗೇನು ಬರುತ್ತೆ ಅಂತ ನೆಂಟರು ಕೇಳುತ್ತಾರೆ. ಬೈಗುಳ ಬರುತ್ತೆ ಸ್ವಾಮಿ, ಈಮೇಲಿನಲ್ಲಿ.

ಒಳ್ಳೆಯದೇ ಆಯಿತು ಅವರು ಬಿಟ್ಟಿದ್ದು. ಇನ್ನಾದರೂ ಉಸಿರಾಡಬಹುದು.

ಮಾರ್ಚ್ 3, ಸೋಮವಾರ

ನಾಯಂಡಹಳ್ಳಿಯ ಗೋಡೌನಿಗೆ ಹೋಗಿದ್ದೆ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕೆಳಗೆ ಹನುಮೇಶನ ವೆಲ್ಡಿಂಗ್ ಷೆಡ್ಡು, ಮೇಲಿನ ಕೋಣೆಯಲ್ಲಿ ಹೊಂಗೆಯ ಸರ್ವರು. ಬಾಡಿಗೆ ತಿಂದುಕೊಂಡಿರುವ ನನ್ನಂಥವನಿಗೆ ಸಮಾಜಸೇವೆ ಮಾಡಲು ಇದಕ್ಕಿಂತ ಅನುಕೂಲ ಬೇಕೆ?

ಯೋಗಾನಂದರ ಪಾಸ್‌ವರ್ಡ್ ತೆಗೆದುಹಾಕಿದೆ. ಅವರ ಮೇಲೆ ಅನುಮಾನ ಅಂತಲ್ಲ. ಬಿಟ್ಟವರು ಬಿಟ್ಟ ಹಾಗೆ ಇರಬೇಕು. ಯಾವುದಕ್ಕೂ ಇರಲಿ.

ಮಾರ್ಚ್ 16, ಭಾನುವಾರ

ಇನ್ನು ಮುಂದೆ ಬಳಗಕ್ಕೆ ಯಾರೂ ಯಜಮಾನರಲ್ಲ, ಎಲ್ಲರೂ ಸಮಾನರು ಎಂದು ತೀರ್ಮಾನವಾಯಿತು. ಎಲ್ಲರೂ ಅಂದರೆ ಮೂವರು. ಗೌತಮ್, ವಾರವೆಲ್ಲ ಕಂಪನಿಗೆ ಸಂಬಳಕ್ಕೆ ದುಡಿದು ಶನಿವಾರ ನಮಗೆ ಪುಣ್ಯಕ್ಕೆ ದುಡಿಯುವವನು. ಅನು, ಕೆಂಗೇರಿಯ ತರಬೇತಿ ಕೇಂದ್ರದಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಟೀಚರು. ಅವಳಿಗೂ ಕಣ್ಣು ಕಾಣುವುದಿಲ್ಲ, ಓದುವ ದನಿಯ ಕೆಲಸವೆಲ್ಲ ಅವಳದೇ. ಉಳಿದಿದ್ದೆಲ್ಲ ನನ್ನದು.

ಅನು ಶುರುವಿಗೇ ವಿಷಯ ಎತ್ತಿದಳು. “ಜೂನ್ ಕೊನೆಗೆ ನಮ್ ಹಳೇ ಆವೃತ್ತಿಗೆ ಸೆಕ್ಯುರಿಟಿ ರಿಪೇರಿ ಬರೋದು ನಿಂತೋಗುತ್ತೆ ಸಾರ್. ಅಷ್ಟರೊಳಗೆ ಹೊಸ ಹೊಂಗೆ ಬರ್ಲಿಲ್ಲ ಅಂದ್ರೆ ಎಲ್ಲಾ ಮಿಷನ್‌ಗೂ ಬೇರೆ ಸಿಸ್ಟಮ್ ಹಾಕಿಸ್ತೀನಿ ಅಂತ ನಮ್ ಸೆಕ್ರೆಟರಿ ಖಡಾಖಂಡಿತ ಹೇಳ್ಬಿಟ್ಟಿದಾರೆ. ಅದು ಕನ್ನಡ ಓದಲ್ಲ. ನನ್ ಕ್ಲಾಸ್ ಮುಚ್ಚಿದ ಹಾಗೇ.”

ಇಷ್ಟು ಕೇಳಿದ ಮೇಲೆ ಸಮಾನರಾದ ನಾವು ಏನು ಮಾಡಿದೆವು? ಹೊಸ ಆವೃತ್ತಿಗೆ ಯಾವ ಮರದ ಹೆಸರಿಡುವುದು ಎಂದು ಎರಡು ಕಾಫಿಯಷ್ಟು ಹೊತ್ತು ಜಗಳವಾಡಿದೆವು. ಕೊನೆಗೆ ‘ಮುತ್ತುಗ’ ಎಂದಾಯಿತು. ಆಮೇಲೆ ತೆರೆಯ ಹಿನ್ನೆಲೆ ಚಿತ್ರದ ಹಸಿರು ಎಳೆ ಹಸಿರಾ, ಬಲಿತ ಹಸಿರಾ ಎಂದು ಗೌತಮ್ ಶುರು ಮಾಡಿದ. ನಾನೂ ಬಿಡಲಿಲ್ಲ.

“ಯಾವ್ ಹಸ್ರಾದ್ರೂ ನಂಗೊಂದೇ. ಬೇಗ ಮುಗ್ಸಿ,” ಅಂದಳು ಅನು.

ಏಪ್ರಿಲ್ 13, ಭಾನುವಾರ

ಮುತ್ತುಗ ಸಿದ್ಧವಾಗಿ ವಾರದ ಮೇಲಾಯಿತು. ಗೌತಮ್ ಎಲ್ಲ ಕಟ್ಟಿಟ್ಟಿದ್ದಾನೆ. ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಸಿಗುತ್ತದೆ. ಯಾರೂ ಒತ್ತುತ್ತಿಲ್ಲ.

ಯಾಕೆ ಅಂದರೆ, ಇನ್ನೂ ‘ಸರಿ’ ಬಂದಿಲ್ಲ! ಇದೊಂದು ದೊಡ್ಡ ಕಥೆ. ಯೋಗಾನಂದರಿಗೆ ಬಳಗದ ಪತ್ರವ್ಯವಹಾರದಲ್ಲಿ ಬರುತ್ತಿದ್ದುದು ಎರಡೇ ಮಾತು. ಕೆಲಸ ಒಪ್ಪಿಗೆಯಾದರೆ ‘ಸರಿ’. ಆಗದಿದ್ದರೆ ‘ಇನ್ನೊಂದ್ಸಲ ನೋಡಿ’. ಎಲ್ಲಿ ತಪ್ಪು, ಏನು ತಪ್ಪು, ಉಹುಂ, ಬಾಯಿ ಬಿಡುತ್ತಿರಲಿಲ್ಲ. ಒಂದು ದೀಪಾವಳಿ ರಜೆ ಪೂರ್ತಿ ಕೂತು ನಾನು ಸಹಾಯದ ಪುಟಗಳನ್ನೆಲ್ಲ ಅನುವಾದ ಮಾಡಿ ಕಳಿಸಿದರೆ ಬಂದ ಉತ್ತರ ‘ಇನ್ನೊಂದ್ಸಲ ನೋಡಿ’. ಮನೆಯವರೆಲ್ಲ ಪಟಾಕಿ ಹೊಡೆಯುತ್ತಿದ್ದರು, ನಾನು ಉರಿಯುತ್ತಿದ್ದೆ. ಹೊಸ ಆವೃತ್ತಿ ಬಿಡುವ ಮುನ್ನ ಅವರು ಒಂದು ಸಂಜೆಯೆಲ್ಲ ಅದನ್ನು ತಮ್ಮ ಹಳೇ ಕಂಪ್ಯೂಟರಿನಲ್ಲಿ ಬಳಸಿ ನೋಡಿ, ‘ಸರಿ’ ಎಂದು ಬರೆಯುವರು. ಆಮೇಲೆಯೇ ಗುಂಡಿ. ಇದು ಎಲ್ಲೂ ನಿಯಮವಲ್ಲ. ಹಾಗೇ ನಡೆದುಕೊಂಡು ಬಂದಿದೆ, ಅಷ್ಟೇ.

ಈಗ ಗೌತಮ್ ನಾನು ಅನ್ನಲಿ ಎಂದು ಕಾಯುತ್ತಿದ್ದಾನೆ. ನಾನು ಅನು ಅನ್ನಲಿ ಎಂದು. ಅನು ಏನೋ ಅನ್ನಲು ಹೋದಳು, ನಾವಿಬ್ಬರೂ “ಒಂದ್ ನಿಮಿಷ ಇರಮ್ಮ” ಅಂದೆವು. ಸಮಾನತೆ ಎಂದರೆ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಏಪ್ರಿಲ್ 27, ಭಾನುವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಯಾರಿಗೂ ಹೇಳದೆ ಬೆಳಿಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋದೆ. ಯೋಗಾನಂದರು ನಾಗರಬಾವಿಯವರು, ಅಲ್ಲಿ ವಾಕಿಂಗ್ ಬರುತ್ತಾರೆ. ಆಕಸ್ಮಿಕವಾಗಿ ಸಿಕ್ಕವನಂತೆ ಸಿಕ್ಕು, ಪೆನ್‌ಡ್ರೈವ್ ಕೈಗಿಟ್ಟು, ಒಂದು ‘ಸರಿ’ ಕೀಳಬೇಕೆಂದು ಯೋಜನೆ.

ಬಿದಿರು ಮೆಳೆಯ ಹತ್ತಿರ ಹೋಗುತ್ತೇನೆ, ಅಲ್ಲಿ ಗೌತಮ್! ಜನ್ಮದಲ್ಲಿ ಓಡದವನು ಹೊಸ ಶೂ ಹಾಕಿಕೊಂಡು ನಿಂತಿದ್ದಾನೆ.

“ಏನೋ ಇಲ್ಲಿ?” ಅಂದೆ.

“ಜಾಗಿಂಗ್ ಸಾರ್. ನೀವು?”

“ನಾನೂ ಹಂಗೇ, ಗಾಳಿಗೆ.”

ಅವನ ಕೈಯಲ್ಲೂ ಪೆನ್‌ಡ್ರೈವ್. ಆಚೆ ಕಲ್ಲು ಬೆಂಚಿನ ಮೇಲೆ ಯೋಗಾನಂದರು ಕೂತಿದ್ದಾರೆ, ಅವರ ಪಕ್ಕದಲ್ಲಿ ಅನು! ಕೆಂಗೇರಿಯಿಂದ ಇಲ್ಲಿಯವರೆಗೆ ಒಬ್ಬಳೇ ಬಂದಿದ್ದಾಳೆ. ಅವಳು ಮಾತ್ರ ಸುಳ್ಳು ಹೇಳಲಿಲ್ಲ. “ಇಬ್ರೂ ಬಂದ್ರಾ? ಬನ್ನಿ. ಸಾರ್ ಆಗಲ್ಲ ಅಂತಿದಾರೆ,” ಅಂದಳು.

ಯೋಗಾನಂದರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

“ನಾನು ಬಿಟ್ಟಾಯ್ತಲ್ರೀ. ನಂಗೀಗ ಬಿದಿರು ನೋಡೋ ಕೆಲಸ. ಮೊದಮೊದಲು ಬಿಡೋಕಾಗ್ತಿರ್ಲಿಲ್ಲ ಅನ್ನಿ. ಒಂದಿನ ಸುಮ್ನೆ ನೋಡೋಣ ಅಂತ ಸರ್ವರ್‌ಗೆ ಹೋದೆ. ಒಳಗೇ ಬಿಡ್ಲಿಲ್ಲ ಅದು!”

ನಾನು ಬಿದಿರು ನೋಡಿದೆ.

“ಯಾರಾದ್ರೂ ಒಬ್ರು ಅನ್ರೀ. ಅದೇನು ಮಂತ್ರಾನಾ?” ಅಂದು ಎದ್ದು ಹೊರಟೇಬಿಟ್ಟರು.

ಮೇ 4, ಭಾನುವಾರ

ಕೊನೆಗೂ ನಾನೇ ಅಂದೆ. ಇಷ್ಟು ವರ್ಷ ಎರಡನೆಯವನಾಗಿದ್ದವನು ಅನ್ನದೆ ಇನ್ನು ಯಾರು ಅನ್ನಬೇಕು? ಗೋಡೌನಿನ ಕೋಣೆಯಲ್ಲಿ ಕೂತು ಮುತ್ತುಗವನ್ನು ಸಂಜೆಯೆಲ್ಲ ನೋಡಿದೆ. ಕೆಳಗೆ ಹನುಮೇಶನ ಗ್ರೈಂಡರು ಕಿವಿ ಹರಿಯುವಂತೆ ಕಿರುಚುತ್ತಿತ್ತು. ಭಾನುವಾರವೂ ಬಿಡುವಿಲ್ಲ ಪುಣ್ಯಾತ್ಮನಿಗೆ. ಕಂಪ್ಯೂಟರಿನ ದನಿ ಹೇಗೂ ಕೇಳಿಸದು ಎಂದು ಸ್ಪೀಕರ್ ಬಂದ್ ಮಾಡಿಕೊಂಡೆ. ತೆರೆಯ ಮೇಲೆ ಎಲ್ಲವೂ ಅಚ್ಚುಕಟ್ಟು. ಎಳೆ ಹಸಿರೇ ಚೆನ್ನಾಗಿ ಕಾಣುತ್ತದೆ, ನಾನು ಹೇಳಿದ್ದು ಅದನ್ನೇ.

‘ಸರಿ’ ಎಂದು ಬರೆದು ಕಳಿಸಿದೆ. ಗೌತಮ್ ಗುಂಡಿ ಒತ್ತಿದ. ರಮ್ಯಳಿಗೆ ಹೇಳಿ ಶ್ಯಾವಿಗೆ ಪಾಯಸ ಮಾಡಿಸಿದೆ.

ಮೇ 6, ಮಂಗಳವಾರ

ಅನು ಕ್ಲಾಸಿನಿಂದಲೇ ಫೋನ್ ಮಾಡಿದಳು. “ಸಾರ್, ಬಾಯೇ ಬಿಡ್ತಿಲ್ಲ.”

“ಯಾರಮ್ಮ?”

“ಕಂಪ್ಯೂಟರ್. ಹೊಸ ಹೊಂಗೆ ಹಾಕಿರೋ ಎಲ್ಲಾ ಮಿಷನ್ನೂ ಮೂಗಾಗಿದೆ. ಆನ್ ಆದ ಮೇಲೆ ಪಾಸ್‌ವರ್ಡ್ ಕೇಳೋ ಪುಟ ಇದೆಯಲ್ಲ, ಅಲ್ಲಿ ದನಿ ಬರ್ಬೇಕು, ಬರ್ತಿಲ್ಲ. ಎಲ್ರೂ ಕೀಬೋರ್ಡ್ ಮೇಲೆ ಕೈ ಇಟ್ಕೊಂಡ್ ಕೂತಿದಾರೆ. ನೀವು ಸ್ಪೀಕರ್ ಹಾಕ್ಕೊಂಡ್ ನೋಡಿದ್ರಾ?”

“ನೋಡ್ದೆ ಇರ್ತೀನಾ?” ಅಂದೆ.

ಆವೃತ್ತಿಯನ್ನು ವಾಪಸು ತೆಗೆದೆವು. ತಪ್ಪು ಗೌತಮನದು. ಅವನು ಕಟ್ಟುವಾಗ ಯಾವುದೋ ಒಂದು ಸಾಲು ಬಿಟ್ಟಿದ್ದ. ಬಿಟ್ಟವನು ಅವನು ಎಂದ ಮೇಲೆ ಸ್ಪೀಕರಿನ ಮಾತು ಇಲ್ಲಿಗೆ ಬರುವುದೇ ಇಲ್ಲ. ಬಳಗಕ್ಕೆ ಹಾಗೆಯೇ ಬರೆದೆ.

ಅನು ಆಮೇಲೆ ಇನ್ನೊಂದು ಮಾತು ಹೇಳಿದಳು. “ಯೋಗಾನಂದ್ ಸಾರ್ ಮಾನಿಟರ್ ಆಫ್ ಮಾಡ್ಕೊಂಡು ನೋಡ್ತಿದ್ರು. ಸಂಜೆಯೆಲ್ಲ ಬರೀ ಕಿವಿಯಲ್ಲೇ. ನಾನೇ ಹೇಳ್ಕೊಟ್ಟಿದ್ದು.”

ಒಂದು ಮಾತು ನನಗೆ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮೇ 11, ಭಾನುವಾರ

ಸಮಾನತೆ ಸಾಕು. ಇನ್ನು ಮೇಲೆ ಪ್ರತಿಯೊಂದು ಬದಲಾವಣೆಯೂ ನನ್ನ ಕಣ್ಣ ಕೆಳಗೆ ಹಾದು ಹೋಗಬೇಕು ಎಂದು ಹೇಳಿಬಿಟ್ಟೆ.

“ಸಾರ್, ಇದು ಕಮ್ಯುನಿಟಿ ಅಲ್ವಾ?” ಅಂದ ಗೌತಮ್.

“ಹೌದಪ್ಪ. ನಾನು ನೋಡಿ ಬಿಟ್ಟ ಮೇಲೆ ಕಮ್ಯುನಿಟಿ.”

ಮೇ 25, ಭಾನುವಾರ

ಮಾನಿಟರ್ ಆಫ್ ಮಾಡಿಕೊಂಡು ದಿನಾ ಸಂಜೆ ಕೂರುತ್ತಿದ್ದೇನೆ. ಗೋಡೌನಿನಲ್ಲಿ ಗಲಾಟೆ ಎಂದು ಮನೆಯಲ್ಲೇ. ಮೊದಲ ದಿನ ಕೀಲಿಮಣೆಯ ಮೇಲೆ ಕೈ ಎಲ್ಲಿದೆ ಎಂದೇ ತಿಳಿಯದೆ ತಡಕಾಡಿದೆ. ಎರಡನೆಯ ದಿನ ದನಿ ಹೇಳಿದ್ದು ಅರ್ಥವಾಗದೆ ಏನನ್ನೋ ಅಳಿಸಿಬಿಟ್ಟೆ. ಈಗ ಪರವಾಗಿಲ್ಲ. ದನಿ ‘ಕಡತ’ ಎನ್ನುವ ಮುಂಚೆ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತದೆ, ಅದು ನನಗೆ ಸರಿ ಕಾಣುತ್ತಿಲ್ಲ.

ರಮ್ಯ ಬಾಗಿಲಲ್ಲಿ ನಿಂತು ನೋಡಿದಳು. “ಕರೆಂಟ್ ಇದೆ ಕಣ್ರೀ,” ಅಂದಳು.

“ಗೊತ್ತು.”

“ಮತ್ತೆ ಕಪ್ಪು ಟಿವಿ ಮುಂದೆ ಕೂತು ತಲೆ ಅಲ್ಲಾಡಿಸ್ತಿದೀರಲ್ಲ, ಏನ್ ಭಜನೆನಾ?”

ಇಂಥವರ ನಡುವೆ ಕೆಲಸ ಮಾಡಬೇಕು ನಾನು.

ಜೂನ್ 8, ಭಾನುವಾರ

ಸಭೆಗೆ ಬೇಗ ಹೋದೆ. ಮೇಜು ಒರೆಸಿದ್ದರೂ ಅಂಟಂಟು, ಕರ್ಚೀಫಿನಿಂದ ಇನ್ನೊಂದು ಸಲ ಒರೆಸಿದೆ. ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಎಂದಿರುವುದರಿಂದ ಕಾಫಿಗೆ ಹಾಕಿಸಲಿಲ್ಲ. ಗೌತಮ್ ಬಂದಿದ್ದು ತಡ. ಈಗಿನ ಹುಡುಗರಿಗೆ ಶಿಸ್ತು ಎಂಬುದೇ ಇಲ್ಲ.

ಮೂಗಾಗಿದ್ದ ಪುಟವನ್ನು ಅನು, ಗೌತಮ್ ಸೇರಿ ಸರಿಪಡಿಸಿ ಆಗಲೇ ಬಹಳ ದಿನವಾಗಿದೆ. “ಬಿಟ್ಬಿಡೋಣ ಸಾರ್,” ಅಂದಳು ಅನು. ಆ ಉಸಿರಿನ ವಿಷಯ ಎತ್ತಿದೆ. ಅದು ಯಾರಿಗೂ ಕೇಳಿಸಲ್ಲ ಎಂದಳು. ನನಗೆ ಕೇಳಿಸುತ್ತದಲ್ಲ!

ಹೊರಡುವಾಗ ಅವಳು, “ಸಾರ್, ಆ ‘ಸರಿ’ ನಾನೇ ಅನ್ಲಾ? ದಿನಾ ಬಳಸೋಳು ನಾನು. ತಪ್ಪಾದ್ರೆ ಮೊದ್ಲು ಪೆಟ್ಟು ಬೀಳೋದೂ ನಂಗೇ,” ಅಂದಳು.

ಒಳ್ಳೆಯ ಹುಡುಗಿ. ಆದರೆ ಇದು ಜವಾಬ್ದಾರಿಯ ಕೆಲಸ. “ನೋಡೋಣಮ್ಮ, ಇನ್ನೂ ಟೈಮಿದೆ,” ಅಂದೆ.

ಜೂನ್ 17, ಮಂಗಳವಾರ

ಅನು ಆ ಉಸಿರು ತೆಗೆದು ಕಳಿಸಿದ್ದಾಳೆ. ಈಗ ‘ಕಡತ’ ಎನ್ನುವುದು ಬೈದ ಹಾಗೆ ಕೇಳಿಸುತ್ತದೆ. ಜೊತೆಗೆ ಗೌತಮನದೂ ಒಂದು ಬದಲಾವಣೆ ಇತ್ತು. ಇಬ್ಬರಿಗೂ ‘ಇನ್ನೊಂದ್ಸಲ ನೋಡಿ’ ಎಂದು ಬರೆದೆ. ಉದ್ದುದ್ದ ವಿವರಿಸುತ್ತ ಕೂರಲು ನನಗೆ ಪುರುಸೊತ್ತಿಲ್ಲ.

ಜೂನ್ 22, ಭಾನುವಾರ

ಅನು ಇವತ್ತು ವಡೆ ಮುಟ್ಟಲಿಲ್ಲ. “ಸೆಕ್ರೆಟರಿ ನಿನ್ನೆ ಬೇರೆ ಸಿಸ್ಟಮ್ ಹಾಕೋರನ್ನ ಕರೆಸಿದ್ರು ಸಾರ್. ಒಂದು ಮಿಷನ್‌ಗೆ ಹಾಕಿ ತೋರ್ಸಿದ್ರು. ನನ್ನ ಸ್ಟೂಡೆಂಟ್ ಒಬ್ಬಳು ತನ್ನ ಹೆಸರು ಕನ್ನಡದಲ್ಲಿ ಟೈಪ್ ಮಾಡಿದ್ಲು. ಅದು ಏನೂ ಓದ್ಲಿಲ್ಲ. ‘ಮಿಸ್, ನಾನು ಟೈಪ್ ಮಾಡ್ದೆ ಅಲ್ವಾ?’ ಅಂತ ನನ್ನೇ ಕೇಳಿದ್ಲು. ನೀವಿನ್ನೂ ಏನಕ್ಕೆ ಕಾಯ್ತಾ ಇದೀರ ಹೇಳಿ.”

ಪಾಪ ಅನ್ನಿಸಿತು, ನಿಜ. ಆದರೆ ಅವಸರ ಮಾಡಿ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಮತ್ತೆ ಎಲ್ಲರೆದುರು ಮೂಗನಾದರೆ ಹೊಂಗೆಯ ಹೆಸರು ಹೋಗುತ್ತದೆ. ನಾನು ಹೇಳುತ್ತಿರುವುದು ಹೊಂಗೆಯ ಹೆಸರು, ನನ್ನದಲ್ಲ.

“ಇನ್ನೊಂದ್ಸಲ ನೋಡ್ತೀನಿ,” ಅಂದೆ.

“ನೀವ್ ನೋಡಿದ್ ಸಾಕು ಸಾರ್,” ಅಂದಳು. ಅವಳ ದನಿ ಅಷ್ಟು ಒರಟಾಗಿದ್ದನ್ನು ನಾನು ಕೇಳಿರಲಿಲ್ಲ.

ಜೂನ್ 28, ಶನಿವಾರ

ದ್ರೋಹ!

ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಸದ್ದಾಯಿತು. ಬಳಗಕ್ಕೆ ಅನುವಿನ ಪತ್ರ. ಪತ್ರ ಎಂದರೆ ಎರಡೇ ಅಕ್ಷರ, ‘ಸರಿ’. ಅದರ ಹಿಂದೆಯೇ ಗೌತಮ್ ಗುಂಡಿ ಒತ್ತಿದ್ದಾನೆ. ಮುತ್ತುಗ ಹೊರಗೆ ಹೋಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಕಟ್ಟಿ ಬೆಳೆಸಿದ... ಬೇಡ. ಬರೆಯುವ ಮನಸ್ಸಿಲ್ಲ.

ಅನ್ನ ಹಾಗೇ ಬಿಟ್ಟು ಎದ್ದೆ. “ಯಾರಾದ್ರೂ ಹೋಗ್ಬಿಟ್ರಾ?” ಅಂದಳು ರಮ್ಯ, ಗಾಬರಿಯಿಂದ.

ಜೂನ್ 29, ಭಾನುವಾರ

ಸಭೆಗೆ ಹೋದೆ, ಎಲ್ಲರಿಗಿಂತ ಮೊದಲೇ. ಮೇಜು ಒರೆಸಿಕೊಂಡು ಕಾದೆ. ಇಬ್ಬರೂ ಒಟ್ಟಿಗೆ ಬಂದರು, ಏನೋ ನಗುತ್ತ. ಕೇಂದ್ರದ ಎಲ್ಲ ಕಂಪ್ಯೂಟರುಗಳಿಗೂ ನಿನ್ನೆ ಸಂಜೆಯೇ ಹೊಸ ಹೊಂಗೆ ಹಾಕಿದರಂತೆ. ಎಲ್ಲವೂ ಬಾಯಿಬಿಟ್ಟವಂತೆ. ಸೆಕ್ರೆಟರಿ ಬಂದು ಕೇಳಿ, ಇನ್ನು ಬೇರೆಯದು ಬೇಡ ಎಂದರಂತೆ. ಅವಳ ಕ್ಲಾಸು ಉಳಿಯಿತು.

ಸಂತೋಷದ ವಿಷಯ. ಸಂತೋಷವೇ ಆಯಿತು. ಆದರೆ ಇಂಥ ಹೊತ್ತಿನಲ್ಲಿ ಮನುಷ್ಯ ತನ್ನ ಮರ್ಯಾದೆಯನ್ನೂ ನೋಡಿಕೊಳ್ಳಬೇಕು.

“ನಾನು ಇವತ್ತಿಂದ ಬಿಟ್ಟೆ,” ಅಂದೆ. “ನೀವೇ ನಡೆಸ್ಕೊಂಡ್ ಹೋಗಿ. ನನ್ನ ಹತ್ರ ಏನೂ ಕೇಳ್ಬೇಡಿ. ಕೇಳಿದ್ರೂ ಹೇಳಲ್ಲ.”

ಹೇಳಿ ಸ್ವಲ್ಪ ಹೊತ್ತು ಬಿಟ್ಟುಕೊಟ್ಟೆ. ಗೌತಮ್ ಫೋನ್ ನೋಡಿದ. ಅನು ವಡೆ ಮುರಿದಳು. ಈ ಜನಕ್ಕೆ ಕೃತಜ್ಞತೆ ಎಂಬುದೇ ಇಲ್ಲ.

ಕೊನೆಗೆ ಅನು ತಲೆಯೆತ್ತಿ, “ಆಯ್ತು ಸಾರ್. ಸರ್ವರ್ ರೂಮಿನ ಕೀ ಕೊಟ್ಬಿಡಿ ಮತ್ತೆ,” ಎಂದು ಕೈ ಚಾಚಿದಳು.

ನನ್ನ ಗೋಡೌನಿನ ಕೀ, ನನ್ನನ್ನೇ ಕೇಳುತ್ತಾಳೆ! ಕೊಟ್ಟೆ. ಬಿಟ್ಟೆ ಎಂದ ಮೇಲೆ ಕೊಡದೆ ಇರಲಾದೀತೆ? ಇನ್ನೊಂದು ಕೀ ಮನೆಯಲ್ಲಿದೆ, ಅದನ್ನು ಅವಳಿಗೆ ಹೇಳಲಿಲ್ಲ. ಯಾವುದಕ್ಕೂ ಇರಲಿ.

ಜುಲೈ 6, ಭಾನುವಾರ

ವಾಕಿಂಗ್ ಆರೋಗ್ಯಕ್ಕೆ ಒಳ್ಳೆಯದು ಎಂದು ಜ್ಞಾನಭಾರತಿಗೆ ಹೋದೆ. ಯೋಗಾನಂದರು ಕಲ್ಲು ಬೆಂಚಿನ ಮೇಲೆ ಇದ್ದರು. ಏನೂ ಕೇಳದೆ ಸ್ವಲ್ಪ ಸರಿದು ಜಾಗ ಕೊಟ್ಟರು. ಇಬ್ಬರೂ ಬಿದಿರು ನೋಡುತ್ತ ಕೂತೆವು. ಬಿದಿರಿನಲ್ಲಿ ನೋಡಲು ಅಂಥದ್ದೇನೂ ಇಲ್ಲ.

“ನಿಮ್ ಪಾಸ್‌ವರ್ಡ್ ಇನ್ನೂ ನಡೀತಾ ಇದ್ಯಾ?” ಅಂದರು ಒಂದಷ್ಟು ಹೊತ್ತಿನ ಮೇಲೆ.

“ಬುಧವಾರದಿಂದ ಇಲ್ಲ,” ಅಂದೆ.

ಅವರು ತಲೆಯಾಡಿಸಿದರು. ಸದ್ಯ, ನಗಲಿಲ್ಲ.

ಜುಲೈ 22, ಮಂಗಳವಾರ

ಹನುಮೇಶನ ಷೆಡ್ಡಿನ ಚಾವಣಿ ಸೋರುತ್ತಿದೆಯೇ ನೋಡಲು ನಾಯಂಡಹಳ್ಳಿಗೆ ಹೋಗಿದ್ದೆ. ಅವನು ಸೋರುತ್ತಿದೆ ಎಂದೇನೂ ಹೇಳಿರಲಿಲ್ಲ. ಅಲ್ಲಿಯವರೆಗೆ ಹೋದ ಮೇಲೆ ಮೆಟ್ಟಿಲು ಹತ್ತಿ ಒಂದು ಕಣ್ಣು ಹಾಯಿಸುವುದರಲ್ಲಿ ತಪ್ಪೇನು? ಮೇಲೆ ಹೋಗಿ ಬಾಗಿಲಿಗೆ ಕೀ ಹಾಕಿದೆ. ಹೋಗಲಿಲ್ಲ. ತಿರುಗಿಸಿ ಹಾಕಿದೆ. ಬಗ್ಗಿ ನೋಡಿದರೆ ಬೀಗವೇ ಹೊಸದು.

ನನ್ನ ಕಟ್ಟಡ, ನನ್ನ ಬಾಗಿಲು! ಮುಷ್ಟಿ ಕಟ್ಟಿ ಬಡಿಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಕೆಳಗೆ ಊಟದ ಹೊತ್ತಾಗಿ ಗ್ರೈಂಡರು ನಿಂತಿತು. ಒಳಗಿನಿಂದ ದನಿ ಕೇಳಿಸಿತು. ಮನುಷ್ಯರದಲ್ಲ, ಹೊಂಗೆಯದು. ‘ಹೊಂಗೆಗೆ ಸ್ವಾಗತ. ನಿಮ್ಮ ಹೆಸರು ಬರೆಯಿರಿ.’ ಕೀಲಿಮಣೆಯ ಟಕಟಕ. ‘ಅ. ನು.’ ಮುಂದಿನ ಆವೃತ್ತಿ ಇರಬೇಕು, ಒಬ್ಬಳೇ ಕೂತು ನೋಡುತ್ತಿದ್ದಾಳೆ.

ಕಣ್ಣು ಮುಚ್ಚಿಕೊಂಡು ಬಾಗಿಲಿಗೆ ಕಿವಿಯಿಟ್ಟು ನಿಂತೆ. ‘ಕಡತ’ ಬಂತು. ಉಸಿರನ್ನು ವಾಪಸು ಹಾಕಿದ್ದಾಳೆ. ಅದು ಇದ್ದರೇ ಚೆನ್ನ, ಮನುಷ್ಯರು ಮಾತಾಡಿದ ಹಾಗಿರುತ್ತದೆ. ಪೂರ್ತಿ ಕೇಳಿದೆ. ಎಲ್ಲೂ ತಪ್ಪಿಲ್ಲ.

“ಯಾರು?” ಅಂದಳು ಒಳಗಿನಿಂದ. ಸ್ವಲ್ಪ ತಡೆದು, “ಚನ್ನಕೇಶವ ಸಾರಾ?”

ಮೆಲ್ಲಗೆ ಮೆಟ್ಟಿಲಿಳಿದು ಬಂದೆ. ಬೀಗ ಬದಲಾಯಿಸಿದ್ದಕ್ಕೆ ಅವಳ ಮೇಲೆ ನನಗೆ ಸಿಟ್ಟಿಲ್ಲ. ಯೋಗಾನಂದರ ಪಾಲಿನ ಬೀಗವನ್ನು ನಾನು ಮರುದಿನವೇ ಬದಲಾಯಿಸಿದ್ದೆ.

ಸರಿ.